ಗೌಡರ ಒಂದಕ್ಷರ

ಮಾತು ಆಡಿದರೆ ಹೋಯಿತು, ಸೀರೆ ಉಟ್ಟರೆ ಆಯಿತು. ಗಾದೆಯಲ್ಲಿರುವುದು ಮುತ್ತು ಅಂತ ಪಂಡಿತರು ತಕರಾರು ತೆಗೆದಾರು; ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಗೊಳಸಂಗಿಯ ಚಾವಡಿಯಲ್ಲಿ ಒಡೆದದ್ದು ಮುತ್ತಲ್ಲ, ಗುರಲಿಂಗಪ್ಪ ಗೌಡರ ಗಂಟಲು. ಇದು ಖರೇ ನಡೆದ ಕತೆ.

ಮೂವತ್ತು ವರ್ಷ ನ್ಯಾಯ ಹೇಳಿ, ಹೇಳಿದ್ದನ್ನು ಒಮ್ಮೆಯೂ ಹಿಂದೆ ತೆಗೆದುಕೊಳ್ಳದ ಗೌಡರಿಗೆ ಮೂರು ದಿನದಿಂದ ಗಂಟಲು ಕಟ್ಟಿ ದನಿಯೇ ಹೊರಡದು. ಅದಕ್ಕೇ ಬಿಜಾಪುರದಲ್ಲಿ ಬಿ.ಎ. ಮುಗಿಸಿ ಬಂದ ಸೋಮನಿಂಗನನ್ನು ಮಗ್ಗುಲಿಗೆ ಕೂಡಿಸಿಕೊಂಡಿದ್ದರು. ಕತ್ತೆಯಿಂದ ಕಂಡಕ್ಟರನವರೆಗೆ ಯಾರ ದನಿ ಬೇಕಾದರೂ ತೆಗೆಯುವ ಆಸಾಮಿ. ಗೌಡರು ಪಿಸುಗುಟ್ಟಬೇಕು, ಅವನು ಅವರ ದನಿಯಲ್ಲೇ ಸಾರಬೇಕು.

ಕೆಲಸ ಸಲೀಸಾಗಿತ್ತು. ಕಾಳಪ್ಪನ ತಂಗಿ ಕಸ್ತೂರೆವ್ವನಿಗೆ ಉಡಿಕಿ. ಗಂಡ ಸತ್ತವಳಿಗೆ ಐದು ಮಂದಿಯೆದುರು ಸೀರೆ ಉಡಿಸಿ ಕರೆದೊಯ್ಯುವ ಮದುವೆ. ಪಕ್ಕದ ಊರು ಮಸೂತಿಯ ವರ ಸೀರೆ ತಂದು ಕೂತಿದ್ದ. ಕಸ್ತೂರೆವ್ವ ಒಲ್ಲೆ ಅಂದು ಅತ್ತದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಅಷ್ಟರಲ್ಲಿ ಶೇವಂತೆವ್ವ ಮಂದಿಯನ್ನು ಸೀಳಿಕೊಂಡು ಬಂದಳು. ಅವಳೂ ವಿಧವೆ, ಕಸ್ತೂರೆವ್ವನ ಜೊತೆ ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿ ಇದ್ದವಳು. ಬಗಲಲ್ಲಿದ್ದ ಇಳಕಲ್ ಸೀರೆಯನ್ನು ಕಸ್ತೂರೆವ್ವನಿಗೆ ಹೊದಿಸಿ, ಅದರ ಸೆರಗಿಗೆ ತನ್ನ ಸೆರಗು ಗಂಟು ಹಾಕಿದಳು.

“ಉಡಿಕಿ ಅಂದ್ರ ಸೀರಿ ಉಡಸೂದು ಹೌದಲ್ರಿ? ಐದು ಮಂದಿ ಅಲ್ಲ, ಐವತ್ತು ಮಂದಿ ಕುಂತೀರಿ. ನಾನ ಉಡಿಸೇನಿ. ಈಗ ಯಾರ್ ಒಯ್ತೀರಿ, ಒಯ್ರಿ ನೋಡೂಣು!”

ಗೌಡರ ಬಾಯಿಯ ಎಲೆಯಡಿಕೆ ಅಂಗಿಯ ಮೇಲೆ ಬಿತ್ತು. ದಾಯಾದಿಗಳ ಹೊಡೆದಾಟ ನೋಡಿದ್ದರು, ಓಡಿಹೋದ ಹೆಂಡಂದಿರನ್ನು ನೋಡಿದ್ದರು. ಇಂಥದ್ದಕ್ಕೆ ಅವರ ಅಜ್ಜನ ಕಾಲದ ನ್ಯಾಯವೂ ಇರಲಿಲ್ಲ.

“ಹೆಣ್ಣಿಗೆ ಹೆಣ್ಣು ಉಡಿಸಿದ್ರ ಅದ್ಯಾವ ಸೀಮಿ ಉಡಿಕೀರಿ, ಗೌಡ್ರ?” ಕಾಳಪ್ಪ ಎದೆ ಬಡಿದುಕೊಂಡ.

ಗೌಡರು ಸೋಮನಿಂಗನ ಕಿವಿಗೆ ಬಾಗಿದರು. “ಬಿಚ್ಚಸ್ರಿ.”

ಸೋಮನಿಂಗ ಎದ್ದುನಿಂತ. ಮೀಸೆ ಇಲ್ಲದ ಜಾಗದಲ್ಲಿ ಮೀಸೆ ತಿರುವಿದ. ಗೌಡರದೇ ಗುಡುಗು ಅವನ ಬಾಯಿಂದ ಹೊರಟಿತು:

“ಹಚ್ಚಸ್ರಿ! ಅರಿಷಿಣ ಹಚ್ಚಸ್ರಿ ಇಬ್ಬರಿಗೂ!”

ಗೌಡರಿಗೆ ಸಿಡಿಲು ಬಡಿದಂತಾಯಿತು. ಕೈ ಬೀಸಿದರು, ಮಂದಿ ಅದನ್ನು ‘ಲಗೂನ, ತಡಾ ಮಾಡಬ್ಯಾಡ್ರಿ’ ಅಂತ ತಿಳಿದರು. ಬಾಯಿ ತೆರೆದರು, ಗಾಳಿ ಬಂತು. ಅವರ ಹೆಂಡತಿ ರೇವವ್ವನೇ ಅರಿಷಿಣದ ಬಟ್ಟಲು ಹಿಡಿದು ಓಡಿಬಂದಳು. ಮಸೂತಿಯವನು ಸೀರೆ ಮಡಚಿಕೊಂಡು ಎದ್ದ. ಕಾಳಪ್ಪ ನೆಲಕ್ಕೆ ಕುಸಿದ. “ಗೌಡ್ರ ಅಂದ ಮ್ಯಾಲ ಮುಗೀತು.”

“ಗೌಡ್ರ, ನಂದು ಕಿವಿ ಮಂದ್ರಿ,” ಸೋಮನಿಂಗ ಮೆಲ್ಲಗೆ ಅಂದ. “ಒಂದಕ್ಷರ ತಪ್ಪಿತೇನ್ರಿ? ಗೌಡ್ರ ಮಾತು ಹಿಂದ ತಗೊಂಡಾರ ಅಂತ ಒದರ್ಲೇನು?”

ಗೌಡರು ಅವನನ್ನು ಸುಟ್ಟುಬಿಡುವಂತೆ ನೋಡಿದರು. ಆಮೇಲೆ ಕಸ್ತೂರೆವ್ವನನ್ನು ನೋಡಿದರು. ಅರಿಷಿಣದ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಒಂದು ಕೈ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದಿತ್ತು, ಕಣ್ಣು ಗೌಡರ ತುಟಿಯ ಮೇಲಿತ್ತು.

ಗೌಡರು ತಲೆ ಅಡ್ಡಡ್ಡ ಆಡಿಸಿದರು. ಬೇಡ.

ಆಗ ಅವರ ಹೊಟ್ಟೆಯೊಳಗೆ ಏನೋ ಕದಲಿತು, ಮೇಲೇರಿತು, ಮೂರು ದಿನದಿಂದ ಮುಚ್ಚಿದ್ದ ಗಂಟಲನ್ನು ಒದ್ದು ತೆರೆಯಿತು. ಅವರ ಹಿಂದೆ ಮೊದಲು ನಕ್ಕವನು ಸೋಮನಿಂಗ, ಆಮೇಲೆ ಇಡೀ ಚಾವಡಿ. ಆದರೆ ಬೇವಿನ ಮರದ ಕಾಗೆಗಳನ್ನು ಎಬ್ಬಿಸಿ ಹಾರಿಸಿದ್ದು ಗೌಡರ ನಗೆ.