ಬದುಕಿದ್ದವನಿಗೆ ಎಡೆ

ಮಹಾಲಯ ಅಮಾವಾಸ್ಯೆಯ ದಿನ ಹೂಡಿಯ ಗೋಪಾಲಪ್ಪ ಬದುಕಿರುವ ಮಗನಿಗೆ ಎಡೆ ಇಡಲು ಹೊರಟ. ಸತ್ತ ಅಪ್ಪ, ಅವ್ವ, ಅಣ್ಣನ ಫೋಟೋಗಳ ಸಾಲಿನ ಕೊನೆಗೆ ಮಗ ಬಾಲಾಜಿಯ ಫೋಟೋ ನಿಲ್ಲಿಸಿದ. ಅದಕ್ಕೂ ಹೂವಿಟ್ಟು, ಎದುರಿಗೆ ಒಂದು ಬಾಳೆಲೆ ಹಾಸಿ, ಬಡಿಸು ಎಂದು ಹೆಂಡತಿಗೆ ಹೇಳಿದ. ಮುನಿಯಕ್ಕ ಬಡಿಸಿದಳು. ಬೇಡ ಎನ್ನಲಿಲ್ಲ ಅಂತಲ್ಲ, ಬೆಳಗಿನಿಂದ ಬೇಡ ಬೇಡ ಎಂದು ಅವಳ ಬಾಯಿ ಸೋತಿತ್ತು.

ಬಾಲಾಜಿ ಬೆಳಗಾವಿ ಜೈಲಿನಲ್ಲಿದ್ದ. ಅಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದ, ಮಲಗುತ್ತಿದ್ದ, ಏಳುತ್ತಿದ್ದ. ಕೆಳಗಿನ ಕೋರ್ಟು ಅವನಿಗೆ ಗಲ್ಲು ಕೊಟ್ಟಿತ್ತು. ಅದನ್ನು ಹೈಕೋರ್ಟು ಒಪ್ಪಬೇಕು, ಇಲ್ಲವೇ ಜೀವಾವಧಿಗೆ ಇಳಿಸಬೇಕು. ಎರಡರಲ್ಲಿ ಒಂದು ಆಗುವವರೆಗೆ ಅವನು ಇದ್ದೂ ಇಲ್ಲದವನು.

ಮಾಡಿದ್ದಾದರೂ ಎಂಥದ್ದು? ಹೊಲಗಳೆಲ್ಲ ಹೋಗಿ ಆ ಜಾಗದಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ಗೋಪಾಲಪ್ಪನ ಕೆಳಗಿನ ಮನೆಗೆ ಯಾದಗಿರಿ ಕಡೆಯ ಮೇಸ್ತ್ರಿ ಸಂಗಣ್ಣ, ಅವನ ಹೆಂಡತಿ ಅಂಜಿನಮ್ಮ, ಮಗಳು ವೇಣಿ ಬಂದು ಸೇರಿದ್ದರು. ಏಳು ವರ್ಷದ ಆ ಹುಡುಗಿ ಮುನಿಯಕ್ಕನ ಅಡುಗೆಮನೆಯಲ್ಲೇ ಬೆಳೆಯುತ್ತಿತ್ತು. ಮೊಬೈಲಿನ ಜೂಜಿನಲ್ಲಿ ಮುಳುಗಿದ್ದ ಬಾಲಾಜಿಯ ಕಣ್ಣಿಗೆ ಸಂಗಣ್ಣ ಕೂಲಿಯವರಿಗೆ ಹಂಚುತ್ತಿದ್ದ ಬಟವಾಡೆ ದುಡ್ಡು ಬಿತ್ತು. ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಚ್ಚಿಟ್ಟು, ದುಡ್ಡು ಕೊಟ್ಟರೆ ಬಿಡುತ್ತೇನೆ ಎಂದು ಸಂಗಣ್ಣನಿಗೆ ಫೋನು ಮಾಡಿದ. ಮಗುವಿಗೆ ತನ್ನ ಗುರುತಿದೆ ಎಂಬ ಬುದ್ಧಿ ಅವನಿಗೆ ಆಮೇಲೆ ಬಂತು. ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ನೀರಿನ ಸಂಪಿನಲ್ಲಿ ಹೆಣ ಸಿಕ್ಕಿತು. ಅಣ್ಣ ಎಂದು ನಂಬಿ ಬೈಕು ಹತ್ತಿದ ಮಗು ಅದು. ಇದಕ್ಕಿಂತ ಹೆಚ್ಚು ಹೇಳಲು ನನ್ನ ಬಾಯಿಗೆ ಬರುವುದಿಲ್ಲ.

ಅಂದಿನಿಂದ ಗಂಡ ಹೆಂಡಿರ ನಡುವೆ ಒಂದೇ ಜಗಳ. ಕೊಂದವನು ಸಾಯಲೇಬೇಕು, ನೇಣಾದರೆ ಎಲ್ಲ ಒಂದು ದಿನಕ್ಕೆ ಮುಗಿಯುತ್ತದೆ, ಒಳಗೇ ಕೊಳೆಹಾಕಿದರೆ ಅವನೂ ಸಾಯುವುದಿಲ್ಲ ನಾವೂ ಬದುಕುವುದಿಲ್ಲ ಎಂದು ಗೋಪಾಲಪ್ಪ. ಸತ್ತವನಿಗೆ ಪಶ್ಚಾತ್ತಾಪ ಎಲ್ಲಿಂದ ಬರುತ್ತದೆ, ಬದುಕಿದ್ದರೆ ತಾನೆ ಮಾಡಿದ್ದು ದಿನಾ ಎದೆಗೆ ಚುಚ್ಚುವುದು ಎಂದು ಮುನಿಯಕ್ಕ. ನ್ಯಾಯದ ಮಾತು ಅವಳು ಆಮೇಲೆ ಹುಡುಕಿಕೊಂಡದ್ದು. ಮೊದಲಿಗೆ ಅವನು ಅವಳ ಮಗ, ಅಷ್ಟೇ. ಟೀ ಅಂಗಡಿಯಲ್ಲಂತೂ ಅಂಥವನಿಗೆ ಸರ್ಕಾರದ ಅನ್ನ ಯಾಕೆ ದಂಡ ಎಂದು ದಿನಾ ತೀರ್ಪಾಗುತ್ತಿತ್ತು. ಗ್ಲಾಸು ಕೈಯಲ್ಲಿ ಹಿಡಿದು ನಿಂತವರಿಗೆ ಯಾರನ್ನು ನೇಣಿಗೆ ಹಾಕುವುದೂ ಕಷ್ಟವಲ್ಲ. ಅವರೆದುರು ಗೋಪಾಲಪ್ಪನೂ ಹಾಕ್ಲಿ ಕಣ್ರಪ್ಪ ಎನ್ನುತ್ತಿದ್ದ. ಮಗನಿಗೆ ಅನ್ನಲು ಆ ಅಪ್ಪನಿಗೆ ಹೇಗೆ ಬಾಯಿ ಬಂತೋ ಎಂದು ಮುನಿಯಕ್ಕ ಉರಿದುಹೋಗುತ್ತಿದ್ದಳು.

ವಕೀಲ ಲೋಕೇಶ್ ಅವಳಿಗೊಂದು ದಾರಿ ತೋರಿಸಿದ್ದ. ಗಲ್ಲು ಒಪ್ಪುವ ಮೊದಲು ಹೈಕೋರ್ಟು ಒಬ್ಬ ಪ್ರೊಬೇಷನ್ ಆಫೀಸರನ್ನು ಮನೆಗೆ ಕಳಿಸುತ್ತದೆ. ಹುಡುಗ ಹೇಗೆ ಬೆಳೆದ, ಅವನಿಗೆ ತನ್ನವರು ಇದ್ದಾರಾ, ಮುಂದೆ ಎಂದಾದರೂ ಹೊರಗೆ ಬಂದರೆ ಸೇರಿಸಿಕೊಳ್ಳುವ ಮನೆ ಇದೆಯಾ ಎಂದೆಲ್ಲ ಕೇಳುತ್ತಾರೆ. ಸೇರಿಸಿಕೊಳ್ತೀವಿ ಅಂತ ಒಂದು ಮಾತು ಹೇಳಿಬಿಡಿ ಅಮ್ಮ, ನಮ್ಮ ಹತ್ತಿರ ಇನ್ನೇನೂ ಉಳಿದಿಲ್ಲ ಎಂದಿದ್ದ ಅವನು. ಆ ಒಂದು ಮಾತನ್ನು ಮುನಿಯಕ್ಕ ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ ಬಾಯಿಪಾಠ ಮಾಡಿದ್ದಳು.

ಎಡೆಗೆ ಎಲ್ಲ ಬಡಿಸಿ, ಧೂಪ ಹಾಕಿ ಗೋಪಾಲಪ್ಪ ಹೊರಗೆ ಬಂದ. ಇನ್ನು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಮನೆಯವರು ಹೊರಗೆ ಸುಮ್ಮನೆ ಕೂತಿರಬೇಕು. ಬಾಗಿಲು ಮುಚ್ಚಲು ಹಿಂದೆ ಉಳಿದ ಮುನಿಯಕ್ಕ ಸೆರಗಿನ ಮರೆಯಿಂದ ಅಂಗೈಯಗಲದ ಎಲೆಯೊಂದನ್ನು ತೆಗೆದು, ಅದರ ಮೇಲೆ ಎರಡು ಕಜ್ಜಾಯ ಇಟ್ಟಳು. ಅದು ವೇಣಿಗೆ. ಆ ಮಗು ಸತ್ತದ್ದು ಈ ಊರಿನಲ್ಲಿ, ಹೆತ್ತವರು ಹೊರಟುಹೋದದ್ದು ದೂರದ ಊರಿಗೆ. ಇಲ್ಲಿಗೆ ಹಸಿದು ಬಂದರೆ ಯಾರು ಕೊಡುತ್ತಾರೆ ಎಂದು ಅವಳಿಗೆ ಅನ್ನಿಸಿತ್ತು. ಅವಸರದಲ್ಲಿ ಬೇರೆ ಜಾಗ ಕಾಣದೆ ಬಾಲಾಜಿಯ ಎಲೆಯ ಪಕ್ಕದಲ್ಲೇ ಇಟ್ಟು ಬಾಗಿಲು ಎಳೆದುಕೊಂಡಳು.

ಇಬ್ಬರೂ ಜಗಲಿಯಲ್ಲಿ ಕೂತಿರುವಾಗ ಆಫೀಸರ್ ಬಂದರು. ರಜಾ ದಿನ, ಮನೆಯವರೆಲ್ಲ ಸಿಗುತ್ತಾರೆ ಎಂದು ಬಂದೆ ಅಂದರು. ಸಮಾಧಾನದ ಮನುಷ್ಯ. ಹುಡುಗನ ಓದು, ಸಹವಾಸ, ಜೂಜು ಎಲ್ಲ ಕೇಳಿದರು. ಗೋಪಾಲಪ್ಪ ಒಂದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ. ಕೊನೆಗೆ ಎದ್ದು, ಒಳಗೆ ಬಂದಿರುವ ಹಿರಿಯರಿಗೆ ತಿಳಿಯಲೆಂದು ಒಂದು ಸಲ ಕೆಮ್ಮಿ, ಬಾಗಿಲು ತೆಗೆದು ಫೋಟೋ ತೋರಿಸಿದ. "ನೋಡಿ ಸಾರ್. ನಮ್ಮ ಪಾಲಿಗೆ ಅವ್ನು ವೋದ. ಬರ್ಕೊಳ್ಳಿ."

ಆಫೀಸರ್ ಹೊಸ್ತಿಲಲ್ಲೇ ನಿಂತು ನೋಡಿದರು. ಆ ಪುಟ್ಟ ಎಲೆ ಯಾರದ್ದು ಎಂದು ಕೇಳಿದರು. ಗೋಪಾಲಪ್ಪನಿಗೂ ಅದು ಆಗಲೇ ಕಂಡದ್ದು. ಅವನು ಹೆಂಡತಿಯ ಮುಖ ನೋಡಿದ. ಆಫೀಸರಿಗೇ ಅರ್ಥವಾಗಿರಬೇಕು, ಮತ್ತೆ ಕೇಳಲಿಲ್ಲ.

"ಅಮ್ಮ, ನೀವು ಹೇಳಿ. ನಿಮ್ಮ ಮಗ ಬದುಕಬೇಕಾ?"

"ಬದುಕ್ಬೇಕು ಸಾರ್."

"ಮುಂದೆ ಎಂದಾದರೂ ಬಿಟ್ಟರೆ ಈ ಮನೆಗೆ ಸೇರಿಸಿಕೊಳ್ತೀರಾ?"

ಬಾಯಿಪಾಠ ಮಾಡಿದ ಮಾತು ನಾಲಗೆಯ ತುದಿಯಲ್ಲಿತ್ತು. ಮುನಿಯಕ್ಕ ಬಾಯಿ ತೆರೆದಳು. ಕಣ್ಣು ಮಾತ್ರ ಎಲೆಗಳ ಮೇಲೆ ನಿಂತಿತು. ಒಂದರಲ್ಲಿ ಮುದ್ದೆ, ಕೋಳಿಸಾರು. ಪಕ್ಕದಲ್ಲಿ ಕಜ್ಜಾಯ. ಅವನು ಹೊರಗೆ ಬಂದರೆ ಕೂರುವುದು ಇಲ್ಲೇ, ಇದೇ ನೆಲದ ಮೇಲೆ. ಬಡಿಸುವುದು ಇದೇ ಕೈ. ಮನೆ ಖಾಲಿ ಮಾಡುವ ದಿನ ಅಂಜಿನಮ್ಮ ಬೈದಿರಲಿಲ್ಲ, ಶಾಪ ಹಾಕಿರಲಿಲ್ಲ. "ಅವನ್ನ ಕೊಲ್ಲರಿ ಅಂತ ನಾ ಕೇಳಂಗಿಲ್ಲ ಅಕ್ಕಾ. ಆದ್ರ ಅವ ತಿರುಗಿ ಈ ಓಣ್ಯಾಗ ಬಂದು ನಿಂತ ಅಂದ್ರ, ನನ್ನ ಮಗಳು ಇನ್ನೊಮ್ಮೆ ಸತ್ತಂಗ" ಎಂದಷ್ಟೇ ಹೇಳಿ ಲಗೇಜ್ ಆಟೋ ಹತ್ತಿದ್ದಳು.

"ಇಲ್ಲ ಸಾರ್" ಎಂದಳು ಮುನಿಯಕ್ಕ. "ಈ ಮನೇಗೆ ಎಂಗೆ ಕರ್ಕೊಳ್ಳಿ. ಆಗಾಕಿಲ್ಲ."

ಯೋಚನೆ ಮಾಡಿ ಹೇಳಿ, ಇದರ ಮೇಲೆ ಬಹಳ ನಿಂತಿದೆ ಎಂದರು ಆಫೀಸರ್. ಅವಳು ಆಗುವುದಿಲ್ಲವೆಂದು ತಲೆಯಾಡಿಸಿದಳು. ಅವರು ಬರೆದುಕೊಂಡು, ತಮ್ಮ ನಂಬರಿರುವ ಕಾರ್ಡು ಜಗಲಿಯ ಮೇಲಿಟ್ಟು ಹೊರಟರು. ಬೈಕಿನ ಸದ್ದು ಮೇನ್ ರೋಡಿನ ಸದ್ದಿನಲ್ಲಿ ಸೇರಿಹೋಯಿತು.

ಗೋಪಾಲಪ್ಪ ಹೊಸ್ತಿಲಲ್ಲೇ ಕುಸಿದು ಕೂತ. ತಾನು ಅಂದದ್ದನ್ನೇ ತಾನೆ ಇವಳೂ ಅಂದದ್ದು, ಈಗ ಇವನಿಗೆ ನೆಮ್ಮದಿಯಾಗಬೇಕಲ್ಲ ಎಂದುಕೊಂಡು ಮುನಿಯಕ್ಕ ನೋಡಿದರೆ ಅವನ ಗದ್ದ ನಡುಗುತ್ತಿತ್ತು.

"ನೀನು ಎಂಗಂದೆ ಅಂಗೆ?" ಎಂದ. "ನಾನು ಅವ್ನು ಸಾಯ್ಲಿ ಸಾಯ್ಲಿ ಅಂದ್ಕಂಡು ಊರೆಲ್ಲ ತಿರುಗ್ದೆ. ಯಾಕೆ ತಿರುಗ್ದೆ? ನೀನಿದ್ದೀಯ, ಬ್ಯಾಡ ಅಂತೀಯ, ಅವ್ನನ್ನ ಉಳಿಸ್ಕಂತೀಯ ಅಂತ ತಾನೆ. ನೀನೂ ಕೈ ಬುಟ್ರೆ ಅವ್ನಿಗೆ ಇನ್ನ್ಯಾರೆ ಅವ್ರೆ?"

ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆ ಎಂದು ಮುನಿಯಕ್ಕ ಅಂದುಕೊಂಡಿದ್ದ ಭಾರಕ್ಕೆ ಈ ಮನುಷ್ಯನೂ ಹೆಗಲು ಕೊಟ್ಟಿದ್ದ, ಬೈಯುತ್ತಲೇ. ಅದು ಗೊತ್ತಾಗುವ ಹೊತ್ತಿಗೆ ಇಬ್ಬರೂ ಸೇರಿ ಕೈಬಿಟ್ಟಾಗಿತ್ತು. ಅವಳು ಗೋಡೆ ಹಿಡಿದು ಅತ್ತಳು.

ಗೋಪಾಲಪ್ಪ ಕಾರ್ಡು ಹುಡುಕಿ, ನಂಬರೊತ್ತಿ, ಫೋನನ್ನು ಅವಳ ಕಿವಿಗೆ ಹಿಡಿದ. ಕರ್ಕಂತೀವಿ ಅನ್ನು, ಈಗ್ಲೇ ಅನ್ನು ಎಂದು ಕೈಸನ್ನೆ ಮಾಡಿದ. ಅತ್ತಲಿಂದ ಹಲೋ ಎಂದದ್ದು ಅವಳಿಗೆ ಕೇಳಿಸಿತು. ಅವಳು ಫೋನನ್ನು ಮೆಲ್ಲಗೆ ಅವನ ಕಡೆಗೇ ತಳ್ಳಿದಳು. "ನೀನೇ ಅನ್ನು."

ಅವನು ಕಿವಿಗಿಟ್ಟುಕೊಂಡ. ಯಾರು ಮಾತಾಡೋದು, ಹೇಳಿ ಎಂದು ಆಫೀಸರ್ ಮತ್ತೆ ಮತ್ತೆ ಕೇಳುತ್ತಿದ್ದರು. ತೆರೆದ ಬಾಗಿಲಿನೊಳಗೆ ದೊಡ್ಡ ಎಲೆ, ಚಿಕ್ಕ ಎಲೆ ಎರಡೂ ಅವನಿಗೂ ಕಾಣುತ್ತಿದ್ದವು.

"ನಾನು ಸಾರ್, ಹೂಡಿ ಗೋಪಾಲಪ್ಪ" ಎಂದ. "ಏನಿಲ್ಲ ಸಾರ್. ಅಬ್ಬದ ದಿನ ಬಂದಿದ್ರಿ. ಊಟ ಮಾಡ್ಕಂಡು ವೋಗ್ಬೇಕಾಗಿತ್ತು."

ಇರಲಿ ಯಜಮಾನರೇ, ಇನ್ನೊಂದು ಸಲ ಬರ್ತೀನಿ ಎಂದು ಅವರು ಫೋನಿಟ್ಟರು.