ಪ್ರತಿ ವರ್ಷವೂ ಒಂದು ಮೂಟೆ

ಆಲೂಗಡ್ಡೆ ಬೆಳೆಗಾರರ ಮಂಡಳಿಯ ನಿಯಮಾವಳಿ ಬರೆದವನು ನಾನೇ. ಮಣ್ಣು ಪರೀಕ್ಷೆಯವನು, ಅಳತೆ ತಪ್ಪುವುದಿಲ್ಲ ಎಂದು ನನಗೆ ಒಪ್ಪಿಸಿದ್ದರು. ದಲ್ಲಾಳಿಗಳು ನುಸುಳದಿರಲಿ ಎಂದು ನಾಲ್ಕನೇ ನಿಯಮದಲ್ಲಿ ಬರೆದೆ: ಹಿಂದಿನ ಮೂರು ವರ್ಷ, ಪ್ರತಿ ವರ್ಷವೂ ಕನಿಷ್ಠ ಒಂದು ಮೂಟೆ ಮಂಡಳಿಗೆ ಹಾಕಿದವರೇ ಸದಸ್ಯರು. ‘ಪ್ರತಿ ವರ್ಷವೂ’ ಎಂಬುದರ ಕೆಳಗೆ ಗೆರೆ ಎಳೆದವನೂ ನಾನೇ.

ಅಧ್ಯಕ್ಷನಿಗೆ ಜನ ಇಟ್ಟ ಹೆಸರು ಗೋಂದು. ಎರಡು ಅವಧಿ ಮುಗಿಸಿದ್ದ, ಮತ್ತೆ ನಿಲ್ಲುವಂತಿರಲಿಲ್ಲ. ಆದರೆ ಹೊಸಬರು ಆಯ್ಕೆಯಾಗುವ ತನಕ ಹಳಬರೇ ಮುಂದುವರಿಯಬಹುದಿತ್ತು. ಅವನಿಗೆ ಹೆದರಿ ಸದಸ್ಯರಲ್ಲಿ ಯಾರೂ ಅಧ್ಯಕ್ಷ ಸ್ಥಾನಕ್ಕೆ ಅರ್ಜಿ ಹಾಕಲಿಲ್ಲ, ನನ್ನ ಅಕ್ಕನನ್ನು ಬಿಟ್ಟು. ಗೋಂದು ಹಂಚಿದ ಬಿತ್ತನೆ ಗಡ್ಡೆಯಿಂದಲೇ ಅವಳ ಹೊಲಕ್ಕೆ ಬಾಡು ರೋಗ ಬಂದಿತ್ತು. ಪರೀಕ್ಷಿಸದ ಗಡ್ಡೆ ಇನ್ನು ಹಂಚಬಾರದು ಎಂಬುದಷ್ಟೇ ಅವಳ ಹಟ.

ಅರ್ಜಿ ಪರಿಶೀಲನೆಯ ದಿನ ಕಾರ್ಯದರ್ಶಿ ಪಟ್ಟಿಯ ಮೇಲೆ ಬೆರಳಾಡಿಸಿದ. “ಹೋದ ವರ್ಷ ನಿಮ್ಮದು ಸೊನ್ನೆ, ಅಕ್ಕಾ.”

“ರೋಗ ಸಾಯ್ಲಿ ಅಂತ ಪಾಳು ಬಿಟ್ಟಿದ್ದೆ. ಎರಡು ವರ್ಷ ಬಿತ್ತಬೇಡ ಅಂತ ನನ್ನ ತಮ್ಮನೇ ಬರ್ಕೊಟ್ಟಿದ್ದ.”

ಗೋಂದು ನನ್ನ ಕಡೆ ತಿರುಗಿದ. “ನಿಯಮ ಬರೆದ ಕೈನೂ ಇದೇ, ಚೀಟಿ ಬರೆದ ಕೈನೂ ಇದೇ. ಯಾವುದನ್ನ ನಂಬಲಿ ಸ್ವಾಮೀ?”

“ಪಾಳು ಬಿಟ್ಟವರನ್ನ ಹೊರಗಿಡೋದು ನನ್ನ ಉದ್ದೇಶ ಆಗಿರಲಿಲ್ಲ.”

“ಉದ್ದೇಶ ಎಷ್ಟನೇ ನಿಯಮದಲ್ಲಿದೆ, ತೋರ್ಸಿ.”

ಬಾಗಿಲ ಬಳಿ ಕುಳಿತಿದ್ದ ದಲ್ಲಾಳಿ ಕಿಸಕ್ಕನೆ ನಕ್ಕ. ಅವನು ಸದಸ್ಯ. ವರ್ಷಕ್ಕೊಂದು ಮೂಟೆ ಕೊಂಡು ತಂದು ಹಾಕುತ್ತಾನೆ. ‘ಹಾಕಿದವರು’ ಎಂದು ಬರೆದಿದ್ದೆ. ‘ಬೆಳೆದು ಹಾಕಿದವರು’ ಎಂದು ಬರೆಯಲು ನನಗೆ ಹೊಳೆದಿರಲಿಲ್ಲ.

ಅರ್ಜಿ ಬಿದ್ದುಹೋಯಿತು. ಗೋಂದು ಕುರ್ಚಿಯಿಂದ ಏಳಬೇಕಾಗಲೇ ಇಲ್ಲ.

ಮೆಟ್ಟಿಲಿಳಿಯುತ್ತ ಅಕ್ಕ ಕೇಳಿದಳು, “ಈ ವರ್ಷದಿಂದ ಹಾಕಿದ್ರೆ ಮೂರು ವರ್ಷಕ್ಕೆ ಸದಸ್ಯಳಾಗ್ತೀನಿ, ಅಲ್ವೇನೋ?”

“ಈ ವರ್ಷ ಬಿತ್ತೋ ಹಾಗಿಲ್ಲ ಕಣೇ. ಮಣ್ಣಲ್ಲಿ ರೋಗ ಇನ್ನೂ ಇದೆ, ನೀರಿನ ಜೊತೆ ಕೆಳಗೂ ಇಳಿಯುತ್ತೆ. ಬೇಕಾದ್ರೆ ಒಂದು ಮೂಟೆ ಕೊಂಡು ಹಾಕು.”

“ಕೊಂಡು ಹಾಕಿದ್ರೆ ಆ ದಲ್ಲಾಳಿಗೂ ನನಗೂ ಏನೋ ವ್ಯತ್ಯಾಸ? ನಾನು ಬೆಳೆದೇ ಹಾಕ್ತೀನಿ. ನಿನ್ನ ನಿಯಮದಲ್ಲಿ ಮೂಟೆಯ ಮಾತಿದೆ, ರೋಗದ ಮಾತು ಎಲ್ಲಿದೆ?”

ಮುಂದಿನ ವಾರವೇ ಬಿತ್ತಿದಳು. ಅವಳ ಹೊಲದ ನೀರು ಕಾಲುವೆಗಿಳಿದು ಕೆಳಗಿನ ಹನ್ನೊಂದು ಹೊಲಗಳಿಗೆ ಹರಿಯುತ್ತದೆ. ಆ ಹೊಲದವರೆಲ್ಲ ಪ್ರತಿ ವರ್ಷವೂ ಮೂಟೆ ಹಾಕಿದವರು.