ಮುಚ್ಚಳದ ಮೇಲಿನ ಕೆಂಪು ಗೆರೆ

ನಮ್ಮ ಕ್ಲಬ್ಬಿನಲ್ಲಿ ಕೆಟ್ಟು ನಿಂತ ಕಾರಿನ ಸುತ್ತ ಹತ್ತು ಜನ ಸೇರುತ್ತಾರೆ. ಓಡುವ ಕಾರಿನ ಕಡೆ ಒಬ್ಬನೂ ತಿರುಗಿ ನೋಡುವುದಿಲ್ಲ. ಪೆಟ್ಟಿಗೆಗಳಲ್ಲಿ ಬಿಡಿಭಾಗ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಕಾರು ಕಟ್ಟುವವರ ಕ್ಲಬ್ಬು ಇದು. ಲಿಂಕನ್‌ಶೈರಿನ ಈ ಬಟ್ಟಬಯಲಿನಲ್ಲಿ ಗಂಡಸರಿಗೆ ಬೇರೆ ಕೆಲಸವಾದರೂ ಏನಿದೆ? ಯಾರದೋ ಎಂಜಿನ್ನಿನಿಂದ ಹೊಗೆ ಬಂತು ಅಂದರೆ ಸಾಕು, ಮದುವೆಮನೆಗೆ ಹೊರಟವರ ಹಾಗೆ ಸ್ಪ್ಯಾನರ್ ಹಿಡಿದು ಹೊರಡುತ್ತಾರೆ. ನನ್ನ ಹಸಿರು ಕಾರು ಮಾತ್ರ ನಾವು ಸೇರುವ ಪಬ್ಬಿನ ಬೇಲಿಯ ಪಕ್ಕ ಒಂಟಿಯಾಗಿ ನಿಂತಿರುತ್ತದೆ. ನನ್ನ ಗಂಡ ಡೆಸ್ ಅದನ್ನು ನಮ್ಮ ಮದುವೆಯಾದ ವರ್ಷ ನನಗೆಂದೇ ಕಟ್ಟಿದ. ಯಾವುದೋ ಗುಜರಿ ಕಾರಿನಿಂದ ಕಿತ್ತು ತಂದ ಸಾಧಾರಣ ಎಂಜಿನ್ನು. ಇಪ್ಪತ್ತು ವರ್ಷದ ಮೇಲಾಯಿತು, ಒಂದು ದಿನವೂ ಕೈಕೊಟ್ಟಿಲ್ಲ.

ರೊವೀನಾಳ ಕಾರು ಹಾಗಲ್ಲ. ಅವಳ ಗಂಡ ಅರ್ಧ ಕಟ್ಟಿದ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ತೀರಿಕೊಂಡ. ಅವಳು ಹಟ ಹಿಡಿದು ಅದನ್ನು ಮುಗಿಸಿದಳು. ಮುಗಿಸುವಾಗ ಸುಮ್ಮನೆ ಯಾವುದೋ ಎಂಜಿನ್ನು ಕೂರಿಸಲಿಲ್ಲ. ರೇಸಿನವರಿಗೆ ತಯಾರಿಸಿಕೊಡುವ ಒಂದು ಸಣ್ಣ ಕಂಪನಿಯಿಂದ ಹೊಚ್ಚಹೊಸದು ತರಿಸಿದಳು. ಕಾರು ಹಗುರ, ಎಂಜಿನ್ನು ರಾಕ್ಷಸ. ಎರಡು ವರ್ಷದ ವಾರಂಟಿ ಬೇರೆ. ಬಂದ ತಿಂಗಳೇ ಅದರೊಳಗೆ ಟಿಕ್ ಟಿಕ್ ಎಂದು ಸದ್ದು ಶುರುವಾಯಿತು. ಆ ಭಾನುವಾರ ಡೆಸ್ ನೋಡಿಕೊಂಡು ಬರುತ್ತೇನೆಂದು ಹೋದ. ಮುಂದಿನ ಭಾನುವಾರವೂ ಹೋದ. ಚಳಿಗಾಲ ಪೂರ್ತಿ ಹೋದ.

ವಿಧವೆಯ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಗೊತ್ತೇ? ಬಾಯಿಬಿಟ್ಟು ಯಾರಿಗೂ ಹೇಳಿಕೊಳ್ಳುವ ಹಾಗಿಲ್ಲ. ಹೇಳಿದರೆ, ಪಾಪ ಅವಳೊಬ್ಬಳೇ ಇದ್ದಾಳೆ, ನಿನಗೇನು ಬಂತು ಅನ್ನುತ್ತಾರೆ. ನಾನು ಮನೆಯಲ್ಲಿ ಭಾನುವಾರದ ಮಾಂಸ ಬೇಯಿಸಿ, ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದೆ. ಅವನು ಕತ್ತಲಾಗುವಾಗ ಬರುತ್ತಿದ್ದ, ಮೈಯೆಲ್ಲ ಎಂಜಿನ್ ಎಣ್ಣೆಯ ವಾಸನೆ, ಮೀಸೆಯಲ್ಲಿ ನಿಂಬೆ ಕೇಕಿನ ಪುಡಿ. ಆ ಕೇಕಿನ ಪುಡಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

“ವಾರಂಟಿ ಇದೆಯಲ್ಲ ಡೆಸ್, ಕಂಪನಿಯವರು ಬಂದು ನೋಡ್ಲಿ,” ಎಂದೆ ಒಮ್ಮೆ.

“ನಿಂಗೆ ಗೊತ್ತಾಗಲ್ಲ ಮ್ಯಾಕ್ಸ್. ಅಂಥ ಎಂಜಿನ್ನು ಬಹಳ ಸೂಕ್ಷ್ಮ. ಕಂಪನಿಗೆ ಕಳಿಸಿದ್ರೆ ತಿಂಗಳುಗಟ್ಟಲೆ ಇಟ್ಕೊಂಡು ಕೂತ್ಕೋತಾರೆ. ಕಿವಿಗೊಟ್ಟು ಕೇಳ್ಬೇಕು ಅದನ್ನ, ಸಮಾಧಾನವಾಗಿ.”

“ನನ್ನ ಕಾರನ್ನ ಯಾವಾಗಪ್ಪ ಕಿವಿಗೊಟ್ಟು ಕೇಳೋದು?”

“ನಿನ್ ಕಾರಿಗೇನಾಗಿದೆ ಧಾಡಿ?”

ಅದೇ ತಾನೇ ತೊಂದರೆ. ಅದಕ್ಕೇನೂ ಆಗಿರಲಿಲ್ಲ.

ನಡುವೆ ಒಂದು ಸೋಮವಾರ ಮಾತ್ರ ಒಂದು ಆಶ್ಚರ್ಯ ನಡೆಯಿತು. ಡೆಸ್ ಜೇಬಿನಿಂದ ಉಗುರುಬಣ್ಣದ ಸೀಸೆಯೊಂದನ್ನು ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟ. ಇಟ್ಟಿಗೆಗೆಂಪು ಬಣ್ಣ, ಒಳಗೆ ಸಣ್ಣಗೆ ಚಿನ್ನದ ಪುಡಿ. ಹುಟ್ಟುಹಬ್ಬವಲ್ಲ, ಕ್ರಿಸ್ಮಸ್ಸಲ್ಲ. ಈ ಮನುಷ್ಯ ನನಗೆ ಒಂದು ಬಾಚಣಿಗೆಯನ್ನೂ ತಂದುಕೊಟ್ಟವನಲ್ಲ.

“ನಿಂಗೆ ಅಂತ ತಂದೆ,” ಎಂದ, ಕಿಟಕಿಯ ಕಡೆ ನೋಡುತ್ತ.

“ಆಗಲೇ ತೆರೆದಿದೆಯಲ್ಲೋ ಇದು?”

“ಅಂಗಡಿಯವಳು ಬಣ್ಣ ತೋರಿಸೋಕೆ ತೆರೆದಳು.”

ನಾನು ಕರಗಿ ನೀರಾದೆ. ಆ ದಿನದಿಂದ ನನ್ನ ಉಗುರು ಬರಿದಾಗಿದ್ದಿಲ್ಲ. ವಾರಕ್ಕೊಮ್ಮೆ ಹಳೆಯದು ಅಳಿಸಿ ಹೊಸದಾಗಿ ಹಚ್ಚಿಕೊಳ್ಳುತ್ತಿದ್ದೆ. ಭಾನುವಾರ ಒಬ್ಬಳೇ ಕೂತು ಕಾಯುವಾಗ ಆ ಹತ್ತು ಬೆರಳುಗಳನ್ನು ನೋಡಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಲ್ಲ, ಅವನ ಮನಸ್ಸಿನಲ್ಲಿ ನಾನಿದ್ದೇನೆ.

ಚಳಿಗಾಲ ಮುಗಿಯುವ ಹೊತ್ತಿಗೆ ರೊವೀನಾ ತನ್ನ ಕಾರನ್ನು ಹಳೆಯ ವಿಮಾನ ನಿಲ್ದಾಣದಲ್ಲಿರುವ ಕಾರು ಓಟದ ಹಾದಿಗೆ ಒಯ್ದಳು. ನಾಲ್ಕನೇ ಸುತ್ತಿನಲ್ಲಿ ಎಂಜಿನ್ನು ಧಡ್ ಎಂದು ಒಡೆದುಕೊಂಡಿತು. ವಾಲ್ವು ಮುರಿದು ಒಳಗೆಲ್ಲ ಪುಡಿಪುಡಿ. ಸುದ್ದಿ ಕೇಳಿ ಕ್ಲಬ್ಬಿನವರೆಲ್ಲ ಅಯ್ಯೋ ಎಂದರು. ನಾನೂ ಅಯ್ಯೋ ಎಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ. ಇನ್ನು ಡೆಸ್ ಕೈಯಲ್ಲಿ ಆಗುವಂಥದ್ದೇನೂ ಉಳಿದಿರಲಿಲ್ಲ. ರೊವೀನಾ ಕಂಪನಿಗೆ ಫೋನ್ ಮಾಡಿದಳು. ಒಬ್ಬರು ಬಂದು ಪರೀಕ್ಷೆ ಮಾಡುತ್ತಾರೆ, ಸರಿಯಿದ್ದರೆ ವಾರಂಟಿಯಲ್ಲಿ ಹೊಸ ಎಂಜಿನ್ನು ಕೂರಿಸಿಕೊಡುತ್ತಾರೆ ಎಂದಾಯಿತು. ಹೊಸ ಎಂಜಿನ್ನು ಬಂದರೆ ಸದ್ದಿಲ್ಲ. ಸದ್ದಿಲ್ಲದಿದ್ದರೆ ಡೆಸ್‌ಗೆ ಅಲ್ಲಿ ಕೆಲಸವಿಲ್ಲ. ನನ್ನ ಭಾನುವಾರ ನನಗೆ ವಾಪಸ್ಸು. ಆ ವಾರಂಟಿ ಸಿಗಲೆಂದು ರೊವೀನಾಳಿಗಿಂತ ಹೆಚ್ಚು ಹಂಬಲಿಸಿದವಳು ನಾನು.

ಪರೀಕ್ಷೆಯ ದಿನ ನಾನೂ ಹೊರಟು ನಿಂತೆ. ಕಣ್ಣಾರೆ ನೋಡಬೇಕಿತ್ತು ನನಗೆ.

“ನೀನ್ಯಾಕೆ? ಥಂಡಿ ಬೇರೆ ಇದೆ,” ಎಂದ ಡೆಸ್.

“ಇರ್ಲಿ ಬಿಡು. ನಿಮ್ಮ ಸೂಕ್ಷ್ಮದ ಎಂಜಿನ್ನಿನ ಹೆಣ ನಾನೂ ನೋಡಿ ಬರ್ತೀನಿ.”

ಅವನು ಒಂದು ಗಳಿಗೆ ನನ್ನ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಒಳಗೆ ಹೋಗಿ ನನ್ನ ಉಣ್ಣೆಯ ಗ್ಲೌಸು ಹುಡುಕಿ ತಂದ. “ಮೇಲೆ ಮುಚ್ಚಿಲ್ಲದ ಕಾರು, ಕೈ ಮರಗಟ್ಟುತ್ತೆ,” ಎಂದು ತಾನೇ ನನ್ನ ಕೈಗೆ ತೊಡಿಸಿದ, ಒಂದೊಂದೇ ಬೆರಳು ಸರಿಮಾಡಿ. ಮದುವೆಯಾದ ಮೇಲೆ ಇಷ್ಟು ಅಕ್ಕರೆ ನಾನು ಕಂಡಿದ್ದಿಲ್ಲ. ಹಸಿರು ಕಾರು ಎಂದಿನಂತೆ ಒಂದೇ ಏಟಿಗೆ ಶುರುವಾಯಿತು, ದಾರಿಯುದ್ದಕ್ಕೂ ನಾನು ಹಾಡಿಕೊಂಡು ಓಡಿಸಿದೆ.

ರೊವೀನಾಳ ಗ್ಯಾರೇಜಿಗೆ ಕಂಪನಿಯಿಂದ ಬಂದವನ ಹೆಸರು ಲೋಮಸ್. ಬೋಳುತಲೆ, ದಪ್ಪ ಹೊಟ್ಟೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಟಾರ್ಚು. ಅವನು ಒಡೆದ ಭಾಗಗಳನ್ನು ಮುಟ್ಟಲೂ ಇಲ್ಲ. ನೇರ ಎಂಜಿನ್ನಿನ ಮೇಲ್ಮುಚ್ಚಳದ ಬೋಲ್ಟುಗಳನ್ನು ನೋಡತೊಡಗಿದ.

“ನಮ್ಮದೆಲ್ಲ ಇಷ್ಟೇ ಮೇಡಂ,” ಎಂದು ರೊವೀನಾಳಿಗೆ ಹೇಳಿದ. “ಎಂಜಿನ್ ಹೊರಗೆ ಹೋಗೋ ಮುಂಚೆ ಒಂದೊಂದು ಬೋಲ್ಟಿನ ತಲೆಯಿಂದ ಮುಚ್ಚಳದವರೆಗೂ ಕೆಂಪು ಗೆರೆ ಎಳೀತೀವಿ. ಯಾರಾದ್ರೂ ಬೋಲ್ಟ್ ತಿರುಗಿಸಿದ್ರೆ ಗೆರೆ ಮುರಿಯುತ್ತೆ. ಗೆರೆ ಮುರಿದ್ರೆ ವಾರಂಟಿ ಕಥೆ ಮುಗೀತು.”

“ಮುಟ್ಟೇ ಇಲ್ಲ ಸರ್ ಅದನ್ನ,” ಎಂದಳು ರೊವೀನಾ.

“ಮುಟ್ಟಿಲ್ಲ,” ಎಂದ ಡೆಸ್.

ಲೋಮಸ್ ಬಗ್ಗಿ ಒಂದೊಂದೇ ಬೋಲ್ಟಿಗೆ ಟಾರ್ಚು ಬಿಟ್ಟ. ನಡುವೆ ನಿಂತು ಹೆಬ್ಬೆರಳಿನಿಂದ ಒಂದು ಗೆರೆಯನ್ನು ಉಜ್ಜಿದ. “ಇದು ಯಾಕೋ ಸ್ವಲ್ಪ ಹೊಳೀತಿದೆ.”

“ಎಣ್ಣೆ ಚಿಮ್ಮಿತ್ತಲ್ಲ, ಅದಕ್ಕೇ ಇರಬೇಕು,” ಎಂದ ಡೆಸ್, ಪ್ರಶ್ನೆಗಾಗಿ ಕಾದು ನಿಂತವನ ಹಾಗೆ.

ಲೋಮಸ್ ಹುಂ ಎಂದ. ಸೊಂಟ ಹಿಡಿದುಕೊಂಡು ಎದ್ದ. “ಸರಿ. ಗೆರೆ ಯಾವುದೂ ಮುರಿದಿಲ್ಲ. ಹೊಸ ಎಂಜಿನ್ ಕೊಡಬಹುದು. ಒಂದು ಕಪ್ ಚಹಾ ಸಿಕ್ಕಿದ್ರೆ ಕುಡಿದು ಸಹಿ ಹಾಕಿಬಿಡ್ತೀನಿ.”

ನನ್ನ ಎದೆ ಹಗುರಾಯಿತು. ರೊವೀನಾ ಚಹಾ ತರಲು ಓಡಿದಳು. ಲೋಮಸ್ ಕೊರಳಿಂದ ಟಾರ್ಚು ತೆಗೆದು, ಆರಿಸದೆ ಎಂಜಿನ್ನಿನ ಮೇಲೇ ಇಟ್ಟು, ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಿದ್ದ. ಬೆಳಕು ಅಡ್ಡಡ್ಡವಾಗಿ ಬೋಲ್ಟುಗಳ ಮೇಲೆ ಬೀಳುತ್ತಿತ್ತು. ಸುಮ್ಮನೆ ಬಗ್ಗಿ ನೋಡಿದೆ.

ಇಟ್ಟಿಗೆಗೆಂಪು ಗೆರೆ. ಅದರೊಳಗೆ ಸಣ್ಣಗೆ ಚಿನ್ನದ ಪುಡಿ.

ಮೊದಲು ನನಗೆ ಏನೂ ಹೊಳೆಯಲಿಲ್ಲ, ಅರೆ ನನ್ನ ಬಣ್ಣ ಅಂದುಕೊಂಡೆ ಅಷ್ಟೇ. ಆಮೇಲೆ ಎಲ್ಲ ಒಟ್ಟಿಗೆ ಹೊಳೆಯಿತು. ಇವನು ಮುಚ್ಚಳ ತೆರೆದಿದ್ದಾನೆ. ತೆರೆದು ಮುಚ್ಚಿದ ಮೇಲೆ ಗೆರೆ ಎಳೆಯಲು ಕಂಪನಿಯ ಬಣ್ಣಕ್ಕೆ ಹೊಂದುವಂಥದ್ದನ್ನು ಹುಡುಕಿಕೊಂಡು ಹೆಂಗಸರ ಅಂಗಡಿಗೆ ಹೋಗಿದ್ದಾನೆ, ಎಂದಿನಂತೆ ಕನ್ನಡಕ ಮನೆಯಲ್ಲಿ ಬಿಟ್ಟು, ಚಿನ್ನದ ಪುಡಿ ಕಣ್ಣಿಗೆ ಕಾಣದೆ. ಬೇಕಾದಷ್ಟು ಬಳಿದಿದ್ದಾನೆ. ಮಿಕ್ಕದ್ದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾನೆ, ನಿಂಗೆ ಅಂತ ತಂದೆ ಎಂದು. ಅವಳ ಎಂಜಿನ್ನು ಉಂಡು ಬಿಟ್ಟ ಎಂಜಲನ್ನು ನಾನು ಚಳಿಗಾಲ ಪೂರ್ತಿ ಬೆರಳಿಗೆ ಹಚ್ಚಿಕೊಂಡು ಮೆರೆದಿದ್ದೇನೆ. ಬೆಳಿಗ್ಗೆ ಒಂದೊಂದೇ ಬೆರಳು ಸರಿಮಾಡಿ ತೊಡಿಸಿದ ಗ್ಲೌಸು ಯಾವ ಥಂಡಿಗೆ ಎಂಬುದೂ ಗೊತ್ತಾಯಿತು.

ರೊವೀನಾ ಚಹಾ, ನಿಂಬೆ ಕೇಕು ತಂದು ಕೆಲಸದ ಮೇಜಿನ ಮೇಲಿಟ್ಟಳು. ನನಗೊಂದು ತುಂಡು ಕತ್ತರಿಸಿ ಹಿಡಿದಳು.

“ಗ್ಲೌಸ್ ತೆಗೀ ಮ್ಯಾಕ್ಸಿನ್. ಅದನ್ನ ಹಾಕ್ಕೊಂಡು ಕೇಕ್ ಹೇಗೆ ತಿಂತೀಯ?”

ಡೆಸ್ ನನ್ನ ಕಡೆ ನೋಡಿದ. ನಾನು ಬಗ್ಗಿ ನೋಡಿದ್ದನ್ನು ಅವನು ಕಂಡಿದ್ದ. ಬೇಡ, ಬೇಡ ಎಂದು ಅವನ ಕಣ್ಣು ಅಂಗಲಾಚುತ್ತಿತ್ತು.

ಗ್ಲೌಸು ತೆಗೆಯದಿದ್ದರೆ ಆಗುತ್ತಿತ್ತು. ಹೊಸ ಎಂಜಿನ್ನು ಬರುತ್ತಿತ್ತು, ಭಾನುವಾರ ನನ್ನದಾಗುತ್ತಿತ್ತು. ಬಂದದ್ದು ಅದಕ್ಕೇ ತಾನೇ? ಆದರೆ ಆ ನೋಟ! ನನಗೆ ಜ್ವರ ಬಂದು ಮಲಗಿದಾಗ, ನನ್ನ ತಾಯಿ ಸತ್ತಾಗ, ಇವನು ಒಮ್ಮೆಯೂ ಹಾಗೆ ಅಂಗಲಾಚಿದ್ದಿಲ್ಲ. ಅವಳ ಮುಂದೆ ಸಣ್ಣವನಾಗುತ್ತೇನೆಂಬ ಹೆದರಿಕೆಗೆ ಇಷ್ಟು ಕಣ್ಣೀರು ತುಂಬಿಕೊಂಡು ನಿಂತಿದ್ದಾನೆ. ಬಲಗೈ ಗ್ಲೌಸನ್ನು ಎಳೆದೆ, ಒಂದೊಂದೇ ಬೆರಳು. ಆಮೇಲೆ ಎಡಗೈಯದು. ಕೇಕು ತೆಗೆದುಕೊಳ್ಳಲಿಲ್ಲ. ಟಾರ್ಚು ಎತ್ತಿ ಲೋಮಸ್‌ನ ಕೈಗೆ ಕೊಡುವ ನೆಪದಲ್ಲಿ ನನ್ನ ಐದೂ ಬೆರಳನ್ನು ಆ ಬೆಳಕಿನಲ್ಲಿ, ಆ ಬೋಲ್ಟಿನ ಪಕ್ಕದಲ್ಲೇ, ಒಂದಷ್ಟು ಹೊತ್ತು ಇಟ್ಟೆ.

ಲೋಮಸ್ ಉಗುರು ನೋಡಿದ. ಬೋಲ್ಟು ನೋಡಿದ. ಮತ್ತೆ ಉಗುರು ನೋಡಿದ.

“ಬಣ್ಣ ಬಹಳ ಚೆನ್ನಾಗಿದೆ ಮೇಡಂ,” ಎಂದ ನಿಧಾನವಾಗಿ. “ಎಲ್ಲಿ ತಗೊಂಡ್ರಿ?”

“ನನ್ನ ಗಂಡ ತಂದುಕೊಟ್ಟಿದ್ದು. ಇಲ್ಲೇ ಇದ್ದಾರಲ್ಲ, ಕೇಳಿ.”

ಲೋಮಸ್ ಸಹಿ ಹಾಕಲು ತೆಗೆದಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. “ಸಾರಿ ಮೇಡಂ,” ಎಂದು ರೊವೀನಾಳ ಕಡೆ ತಿರುಗಿ ಹೇಳಿ, ಚಹಾವನ್ನು ಅರ್ಧಕ್ಕೇ ಬಿಟ್ಟು ತನ್ನ ವ್ಯಾನಿನ ಕಡೆ ನಡೆದ.

ರೊವೀನಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳು ಕೇಕಿನ ಚಾಕು ಕೆಳಗಿಟ್ಟಳು.

“ನೀನು ಇದನ್ನ ತೆರೆದ್ಯಾ?”

“ಸದ್ದು ಸರಿಮಾಡೋಣ ಅಂತ...” ಎಂದ ಡೆಸ್.

“ಮೊದಲ ತಿಂಗಳೇ ಕಂಪನಿಗೆ ಫೋನ್ ಮಾಡ್ತೀನಿ ಅಂದೆ. ಬೇಡ ಅಂದವನು ನೀನು. ನನಗೆ ಬಿಡು, ನನಗೆ ಬಿಡು ಅಂತ ವಾರ ವಾರ ಬಂದು ವಕ್ಕರಿಸಿದೆ. ನಿನಗೋಸ್ಕರ ಕೇಕ್ ಮಾಡಿ ಮಾಡಿ ನನ್ನ ಕೈ ಬಿದ್ದುಹೋಯ್ತು. ಸತ್ತ ಗಂಡನ ಸ್ನೇಹಿತ, ಹೋಗು ಅಂತ ಹೇಗಪ್ಪ ಹೇಳೋದು ಅಂತ ಸುಮ್ಮನಿದ್ದೆ!” ಅವಳು ಅಳುತ್ತಿದ್ದಳು. “ಅವನ ಕಾರು ಕಣೋ ಇದು. ಹೋಗು. ಇನ್ನು ಈ ಕಡೆ ತಲೆ ಹಾಕ್ಬೇಡ.”

ಇಷ್ಟು ದಿನ ನಾನು ಶಾಪ ಹಾಕಿದ್ದು ಏನೂ ತಪ್ಪಿಲ್ಲದ ಹೆಂಗಸಿಗೆ. ವಾಪಸ್ಸು ಬರುವಾಗ ದಾರಿಯಲ್ಲಿ ನಾನು ಹಾಡಲಿಲ್ಲ. ಕೈ ನಿಜವಾಗಿಯೂ ಮರಗಟ್ಟಿತ್ತು, ಗ್ಲೌಸು ಅಲ್ಲೇ ಮರೆತು ಬಂದಿದ್ದೆ.

ಈಗ ಭಾನುವಾರಗಳೆಲ್ಲ ನನ್ನವೇ. ಡೆಸ್ ಮನೆಯಲ್ಲೇ ಇರುತ್ತಾನೆ. ಊಟ ಬಿಸಿಯಾಗಿರುವಾಗಲೇ ಉಣ್ಣುತ್ತಾನೆ. ಆಮೇಲೆ ಗ್ಯಾರೇಜಿನಲ್ಲಿ ಹಳೆಯ ಕುರ್ಚಿಯ ಮೇಲೆ ಕೂತು ಸ್ಪ್ಯಾನರುಗಳನ್ನು ಒರೆಸುತ್ತಾನೆ, ಒರೆಸಿದ್ದನ್ನೇ ಒರೆಸುತ್ತಾನೆ. ಬೇಕೆಂದದ್ದು ಸಿಕ್ಕಿತು, ಸಿಕ್ಕ ಮೇಲೆ ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಕಳೆದ ಭಾನುವಾರ ಹಸಿರು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಶುರುವಾಯಿತು, ಹಾಳಾದ್ದು.

“ಡೆಸ್,” ಎಂದೆ. “ಟಿಕ್ ಟಿಕ್ ಅಂತ ಏನೋ ಸದ್ದು ಬರ್ತಿದೆ ಕಣೋ.”

ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಎದ್ದು ಬಂದ. ಬಾನೆಟ್ಟು ಎತ್ತಿ, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟ. ಬಹಳ ಹೊತ್ತು ಕೇಳಿದ, ಸಮಾಧಾನವಾಗಿ. ಕೊನೆಗೆ ಅವನ ಭುಜ ಇಳಿಯಿತು.

“ಇಲ್ಲ ಕಣೇ,” ಎಂದ. “ಇದಕ್ಕೇನೂ ಆಗಿಲ್ಲ. ಇದಕ್ಕೇನೂ ಆಗಲ್ಲ.”

ಬಾನೆಟ್ಟು ಮುಚ್ಚಿ ಒಳಗೆ ಹೋದ.